ಹಸಿ ಹಾಲಿನ ಮಾರಾಟ: ಸಣ್ಣ ರೈತರು ತಿಳಿದಿರಬೇಕಾದ ಕಾಯಿದೆ ಕಟ್ಟಳೆಗಳು

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನ ಹಂಸಭಾವಿ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಗೋವಿನಜೋಳ, ಹತ್ತಿ ಬೆಳೆಯುವ ರೈತರ ಮನೆಗಳಲ್ಲಿ ಒಂದೆರಡು ಎಮ್ಮೆ ಅಥವಾ ಒಂದು ಮಿಶ್ರತಳಿ ಆಕಳು ಇರುವುದು ಸಾಮಾನ್ಯ. ಹಾನಗಲ್ಲ, ಶಿಗ್ಗಾಂವಿ, ಸವಣೂರು ತಾಲೂಕುಗಳಲ್ಲಿಯೂ ಇದೇ ಪರಿಸ್ಥಿತಿ. ಬೆಳೆಯ ಹಣ ಸುಗ್ಗಿಗೊಮ್ಮೆ ಕೈಸೇರಿದರೆ, ಹಾಲಿನ ಹಣ ದಿನಸಿಗೆ, ಮಕ್ಕಳ ಶಾಲೆಗೆ, ಔಷಧಿಗೆ ಬೇಕಾದಾಗ ಒದಗುತ್ತದೆ. ಆದುದರಿಂದಲೇ ಹಾಲಿನ ವ್ಯವಹಾರದಲ್ಲಿ ಆಗುವ ಚಿಕ್ಕ ತಪ್ಪು ಕೂಡ ಸಣ್ಣ ಕುಟುಂಬಕ್ಕೆ ದೊಡ್ಡ ಪೆಟ್ಟಾಗಬಲ್ಲದು.

ಇಂತಹ ಮನೆಯ ಹಾಲು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತದೆ. ಒಂದು ಭಾಗ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ, ಅಂದರೆ ಜನ ಡೇರಿ ಎಂದು ಕರೆಯುವ ಕಡೆಗೆ ಹೋಗುತ್ತದೆ. ಇನ್ನೊಂದು ಭಾಗ ವರ್ತನೆಯ ಮನೆಗಳಿಗೆ ಹೋಗುತ್ತದೆ. ಮತ್ತೊಂದು ಭಾಗ ಚಹದ ಅಂಗಡಿ, ಖಾನಾವಳಿ, ಮಿಠಾಯಿ ಅಂಗಡಿಗಳಿಗೆ ಹೋಗುತ್ತದೆ. ಈ ಮೂರು ದಾರಿಗಳಿಗೂ ಕಾಯಿದೆಯ ಕಟ್ಟಳೆಗಳು ಒಂದೇ ಅಲ್ಲ. ಯಾವ ದಾರಿಗೆ ನೋಂದಣಿ ಬೇಕು, ಯಾವುದಕ್ಕೆ ಬೇಡ, ಹಾಲಿನ ಗುಣಮಟ್ಟ ಎಷ್ಟಿರಬೇಕು, ಮಾದರಿ ತೆಗೆದಾಗ ಮಾರುವವನ ಹಕ್ಕುಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಸಿ ಹಾಲು ಮಾರಬಹುದೇ?

ಮಾರಬಹುದು. ನಮ್ಮ ದೇಶದಲ್ಲಿ ಕಾಯಿಸದ ಹಾಲಿನ ಮಾರಾಟಕ್ಕೆ ನಿಷೇಧವಿಲ್ಲ. ಹಾಲನ್ನು ಪಾಶ್ಚರೀಕರಿಸಿಯೇ ಮಾರಬೇಕೆಂಬ ಕಡ್ಡಾಯವೂ ಸಣ್ಣ ಉತ್ಪಾದಕನಿಗೆ ಇಲ್ಲ. ಬೇರೆ ಕೆಲವು ದೇಶಗಳಲ್ಲಿ ಹೀಗಿಲ್ಲ. ಸ್ಕಾಟ್ಲೆಂಡಿನಲ್ಲಿ 1983ರಿಂದ ಕುಡಿಯುವ ಹಸಿ ಹಾಲಿನ ಮಾರಾಟ ನಿಷಿದ್ಧವಾಗಿದೆ. ಅಮೆರಿಕದಲ್ಲಿ 1987ರಿಂದ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹಸಿ ಹಾಲನ್ನು ಸಾಗಿಸಿ ಗ್ರಾಹಕರಿಗೆ ಮಾರುವಂತಿಲ್ಲ. ಕೆನಡಾ 1991ರಲ್ಲಿ ದೇಶಾದ್ಯಂತ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ರೈತ ತನ್ನ ಗ್ರಾಹಕರಿಗೆ ನೇರವಾಗಿ ಮಾರಬಹುದು, ಅಂಗಡಿಗಳಲ್ಲಿ ಮಾರುವಂತಿಲ್ಲ. ಜರ್ಮನಿಯಲ್ಲಿ ತನ್ನ ಕೊಟ್ಟಿಗೆಯಲ್ಲೇ ಮಾರುವ ರೈತನು 'ಕಾಯಿಸಿ ಕುಡಿಯಿರಿ' ಎಂಬ ಫಲಕ ಹಾಕಬೇಕು.

ಆ ದೇಶಗಳಲ್ಲಿ ಹಾಲನ್ನು ಕಾಯಿಸದೆ ಕುಡಿಯುವ ರೂಢಿ ಹೆಚ್ಚು. ನಮ್ಮಲ್ಲಿ ಹಾಲು ಮನೆಗೆ ಬಂದ ಕೂಡಲೇ ಒಲೆಯ ಮೇಲೇರುತ್ತದೆ. ಕ್ಷಯ, ಬ್ರುಸೆಲ್ಲೋಸಿಸ್ ಮುಂತಾದ ರೋಗಾಣುಗಳು ಕುದಿಯುವ ಹಾಲಿನಲ್ಲಿ ಉಳಿಯುವುದಿಲ್ಲ. ನಮ್ಮ ಕಾಯಿದೆಯ ಗಮನ ಹೆಚ್ಚಾಗಿ ಹಾಲು ಶುದ್ಧವಾಗಿದೆಯೇ, ಅದಕ್ಕೆ ಏನಾದರೂ ಸೇರಿಸಲಾಗಿದೆಯೇ, ಅದರಿಂದ ಏನಾದರೂ ತೆಗೆಯಲಾಗಿದೆಯೇ ಎಂಬುದರ ಮೇಲಿದೆ.

ಹಳೆಯ ಕಾಯಿದೆ, ಹೊಸ ಕಾಯಿದೆ

ಹಿಂದೆ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಜಾರಿಯಲ್ಲಿತ್ತು. ಅದು 1955ರ ಜೂನ್ 1ರಂದು ಜಾರಿಗೆ ಬಂದಿತ್ತು. 1976ರ ತಿದ್ದುಪಡಿಯ ನಂತರ ಕಲಬೆರಕೆಗೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳ ಸೆರೆವಾಸ ಮತ್ತು 1,000 ರೂಪಾಯಿ ದಂಡ ನಿಗದಿಯಾಗಿತ್ತು. ಕ್ಯಾನು ಹೊತ್ತು ಹಾಲು ಮಾರುವವನು ಕೂಡ ಜಿಡ್ಡು ಕಡಿಮೆ ಬಂತೆಂಬ ಕಾರಣಕ್ಕೆ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತಿತ್ತು.

ಈಗ ಜಾರಿಯಲ್ಲಿರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. ಇದು 2011ರ ಆಗಸ್ಟ್ 5ರಿಂದ ಪೂರ್ಣವಾಗಿ ಆಚರಣೆಗೆ ಬಂದಿತು. ಹಳೆಯ ಕಾಯಿದೆ ರದ್ದಾಯಿತು. ಹೊಸ ಕಾಯಿದೆಯು ಗುಣಮಟ್ಟ ಕಡಿಮೆಯಿರುವ ಆಹಾರವನ್ನೂ ಪ್ರಾಣಕ್ಕೆ ಅಪಾಯ ತರುವ ಆಹಾರವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಮೊದಲನೆಯದಕ್ಕೆ ಹಣದ ದಂಡ, ಎರಡನೆಯದಕ್ಕೆ ಸೆರೆವಾಸ. ಈ ಭೇದ ಸಣ್ಣ ಉತ್ಪಾದಕರಿಗೆ ಬಹಳ ಮುಖ್ಯವಾದುದು.

ನೋಂದಣಿ ಯಾರಿಗೆ ಬೇಕು, ಯಾರಿಗೆ ಬೇಡ?

ಕಾಯಿದೆಯ 18ನೇ ಕಲಮಿನ 3ನೇ ಉಪಕಲಮಿನ ಪ್ರಕಾರ ರೈತನಿಗೆ, ಕೃಷಿ ಕಾರ್ಯಗಳಿಗೆ, ಬೆಳೆ ಮತ್ತು ಜಾನುವಾರುಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಹಾಗಾಗಿ ಕೊಟ್ಟಿಗೆಯಲ್ಲಿ ಹಿಂಡಿದ ಹಾಲು ಅಲ್ಲಿಯೇ ಇರುವತನಕ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ. ಇಷ್ಟನ್ನೇ ಓದಿ 'ರೈತನಿಗೆ ಯಾವ ಕಟ್ಟಳೆಯೂ ಇಲ್ಲ' ಎಂದು ತಿಳಿಯುವುದು ಸರಿಯಲ್ಲ. ಅದೇ ಹಾಲನ್ನು ಕ್ಯಾನಿಗೆ ತುಂಬಿ ಊರೂರು ಮಾರಲು ಹೊರಟಾಗ ಅದು ಆಹಾರ ವ್ಯಾಪಾರವಾಗುತ್ತದೆ. ಆಗ 31ನೇ ಕಲಮು ಮತ್ತು 2011ರ ಪರವಾನಗಿ ಹಾಗೂ ನೋಂದಣಿ ನಿಯಮಗಳು ಎದುರಾಗುತ್ತವೆ.

ಈ ನಿಯಮಗಳಲ್ಲಿ ಹಾಲು ಉತ್ಪಾದಕನಿಗಾಗಿಯೇ ಒಂದು ವಿನಾಯಿತಿ ಇದೆ. ಸಹಕಾರ ಕಾಯಿದೆಯಡಿ ನೋಂದಾಯಿತವಾದ ಹಾಲು ಸಂಘದ ಸದಸ್ಯನಾಗಿದ್ದು, ತನ್ನ ಪೂರ್ತಿ ಹಾಲನ್ನು ಆ ಸಂಘಕ್ಕೇ ಹಾಕುವ ಉತ್ಪಾದಕನಿಗೆ ನೋಂದಣಿ ಬೇಕಿಲ್ಲ. ಇಲ್ಲಿ 'ಪೂರ್ತಿ ಹಾಲು' ಎಂಬ ಮಾತನ್ನು ಗಮನವಿಟ್ಟು ಓದಬೇಕು. ಮನೆಯ ಬಳಕೆಗೆ ಇಟ್ಟುಕೊಂಡ ಹಾಲು ಮಾರಾಟವಲ್ಲ, ಅದರಿಂದ ತೊಂದರೆಯಿಲ್ಲ. ಆದರೆ ಬೆಳಿಗ್ಗೆಯ 5 ಲೀಟರು ಸಂಘಕ್ಕೆ ಹಾಕಿ, ಸಂಜೆಯ 4 ಲೀಟರನ್ನು ಚಹದ ಅಂಗಡಿಗೆ ಕೊಡುವ ಸದಸ್ಯ ಈ ವಿನಾಯಿತಿಯ ಹೊರಗೆ ಉಳಿಯುತ್ತಾನೆ. ನಮ್ಮ ಹಳ್ಳಿಗಳಲ್ಲಿ ಹೀಗೆ ಎರಡೂ ಕಡೆ ಹಾಲು ಕೊಡುವವರೇ ಬಹಳ. ಅವರಲ್ಲಿ ಅನೇಕರು ಸಂಘದ ಪಾಸುಪುಸ್ತಕವೊಂದಿದ್ದರೆ ಎಲ್ಲಕ್ಕೂ ರಕ್ಷಣೆ ಎಂದು ಭಾವಿಸುವುದುಂಟು. ಆ ಭಾವನೆ ತಪ್ಪು.

ಒಟ್ಟಿನಲ್ಲಿ ಸ್ಥಿತಿ ಹೀಗಿದೆ:

1. ಪೂರ್ತಿ ಹಾಲನ್ನು ಸಹಕಾರ ಸಂಘಕ್ಕೆ ಹಾಕುವ ಸದಸ್ಯ: ನೋಂದಣಿ ಬೇಡ.

2. ಮನೆಮನೆಗೆ, ಅಂಗಡಿಗೆ, ಖಾನಾವಳಿಗೆ ನೇರವಾಗಿ ಹಾಲು ಮಾರುವ ಉತ್ಪಾದಕ: ನೋಂದಣಿ ಮಾಡಿಸತಕ್ಕದ್ದು.

3. ನಾಲ್ಕಾರು ಮನೆಗಳಿಂದ ಹಾಲು ಕೊಂಡು ಮೋಟಾರು ಸೈಕಲ್ಲಿನ ಮೇಲೆ ಪೇಟೆಗೆ ಒಯ್ಯುವವನು: ಹಾಲು ಅವನ ಸ್ವಂತ ಉತ್ಪನ್ನವಲ್ಲ, ಆದುದರಿಂದ ಅವನಿಗೆ ರೈತನೆಂಬ ರಕ್ಷಣೆ ಇಲ್ಲವೇ ಇಲ್ಲ. ನೋಂದಣಿ ಕಡ್ಡಾಯ.

4. ಮನೆಯಲ್ಲಿ ಖೋವಾ, ಪನೀರು, ತುಪ್ಪ ತಯಾರಿಸಿ ಮಾರುವವರು: ಇದು ಸಂಸ್ಕರಣೆ. ನೋಂದಣಿ ಕಡ್ಡಾಯ.

ನೋಂದಣಿಗೂ ಪರವಾನಗಿಗೂ ವ್ಯತ್ಯಾಸವಿದೆ. ಸಣ್ಣ ವ್ಯಾಪಾರಕ್ಕೆ ನೋಂದಣಿ, ದೊಡ್ಡದಕ್ಕೆ ಪರವಾನಗಿ. 2011ರ ನಿಯಮಗಳು ನೋಂದಣಿಗೆ ಹಾಕಿದ ಗೆರೆ ವಾರ್ಷಿಕ 12 ಲಕ್ಷ ರೂಪಾಯಿ ವಹಿವಾಟು. ಹಾಲಿನ ಸಂಗ್ರಹಣೆಗೆ ದಿನಕ್ಕೆ 500 ಲೀಟರು. ಲೀಟರಿಗೆ 50 ರೂಪಾಯಿ ಎಂದು ಇಟ್ಟುಕೊಂಡರೆ, ದಿನಕ್ಕೆ 65 ಲೀಟರು ಮಾರುವವನ ವರ್ಷದ ವಹಿವಾಟು 11,86,250 ರೂಪಾಯಿ ಆಗುತ್ತದೆ. ಎರಡು ಎಮ್ಮೆ, ಒಂದು ಆಕಳಿನ ಮನೆ ಈ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಅಂತಹ ಮನೆಗೆ ಬೇಕಾದುದು ಸಾದಾ ನೋಂದಣಿ ಮಾತ್ರ. ಅದೇ ನಿಯಮಗಳು ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಪಡಿಸಿದ್ದವು. ಮಿತಿ ಮತ್ತು ಶುಲ್ಕಗಳನ್ನು ಸರಕಾರವು ಕಾಲಕಾಲಕ್ಕೆ ತಿದ್ದುವುದರಿಂದ ಅರ್ಜಿ ಹಾಕುವ ದಿನದ ದರವನ್ನು ಆಹಾರ ಸುರಕ್ಷತಾಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ನೋಂದಣಿ ಮಾಡಿಸುವ ಕ್ರಮ

ನೋಂದಣಿಯ ಅರ್ಜಿಗೆ 'ನಮೂನೆ ಎ' ಎಂದು ಹೆಸರು. ಅರ್ಜಿದಾರರ ಭಾವಚಿತ್ರ, ಗುರುತಿನ ಚೀಟಿ, ವಿಳಾಸ ಮತ್ತು ವ್ಯಾಪಾರದ ವಿವರ ಬೇಕಾಗುತ್ತದೆ. 2020ರಿಂದ ಅರ್ಜಿಗಳನ್ನು ಕೇಂದ್ರ ಪ್ರಾಧಿಕಾರದ 'ಫಾಸ್ಕಾಸ್' ಎಂಬ ಗಣಕಜಾಲದ ಮೂಲಕ ಸ್ವೀಕರಿಸಲಾಗುತ್ತಿದೆ. ಗಣಕಯಂತ್ರದ ಅಭ್ಯಾಸವಿಲ್ಲದವರು ಹತ್ತಿರದ ಸೇವಾ ಕೇಂದ್ರದಲ್ಲಿ ಅಥವಾ ಓದುಬರಹ ಬಲ್ಲ ಮಕ್ಕಳಿಂದ ತುಂಬಿಸಬಹುದು. ಮಧ್ಯವರ್ತಿಗಳಿಗೆ ನೂರಕ್ಕೆ ಸಾವಿರ ಕೊಡುವ ಅವಶ್ಯಕತೆ ಇಲ್ಲ.

ಅರ್ಜಿ ಬಂದ 7 ದಿನಗಳೊಳಗೆ ಅಧಿಕಾರಿಯು ನೋಂದಣಿ ಕೊಡಬೇಕು, ಇಲ್ಲವೆ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೆ ತಪಾಸಣೆಗೆ ಆದೇಶಿಸಬೇಕು ಎಂಬುದು 2011ರ ನಿಯಮಗಳ ಮಾತು. 7 ದಿನಗಳಲ್ಲಿ ಈ ಮೂರರಲ್ಲಿ ಯಾವುದೂ ಆಗದಿದ್ದರೆ, ಅಥವಾ 30 ದಿನಗಳಾದರೂ ತೀರ್ಮಾನ ತಿಳಿಯದಿದ್ದರೆ, ಅರ್ಜಿದಾರನು ವ್ಯಾಪಾರ ಆರಂಭಿಸಬಹುದೆಂದೂ ಅವು ಹೇಳುತ್ತವೆ. ಆದುದರಿಂದ ಅರ್ಜಿ ಸಲ್ಲಿಸಿದ ರಸೀದಿಯನ್ನು ಜೋಪಾನವಾಗಿಡಬೇಕು. ದೊರೆತ ಪತ್ರದಲ್ಲಿ 14 ಅಂಕಿಗಳ ಸಂಖ್ಯೆ ಇರುತ್ತದೆ. ಪರವಾನಗಿಯ ಸಂಖ್ಯೆ 1ರಿಂದಲೂ ನೋಂದಣಿಯ ಸಂಖ್ಯೆ 2ರಿಂದಲೂ ಆರಂಭವಾಗುತ್ತದೆ. ತಿರುಗಾಡಿ ಮಾರುವವರು ಪತ್ರದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ನೋಂದಣಿಯಿಂದ ಒಂದು ನೇರ ಲಾಭವೂ ಇದೆ. ಪರವಾನಗಿ ಪಡೆದ ಖಾನಾವಳಿ, ಮಿಠಾಯಿ ತಯಾರಕರು ನೋಂದಣಿ ಅಥವಾ ಪರವಾನಗಿ ಇರುವವರಿಂದಲೇ ಸಾಮಾನು ಕೊಂಡು ಅದರ ಲೆಕ್ಕ ಇಡಬೇಕೆಂಬುದು ಪರವಾನಗಿಯ ಷರತ್ತುಗಳಲ್ಲೊಂದು. ಶಾಲೆ, ಕಾಲೇಜು, ವಸತಿಗೃಹಗಳಿರುವ ಹಂಸಭಾವಿಯಂತಹ ಊರಿನಲ್ಲಿ ಇಂತಹ ಗ್ರಾಹಕರು ಹೆಚ್ಚು. ನೋಂದಣಿ ಸಂಖ್ಯೆ ಇರುವ ರೈತ ಅಲ್ಲಿ ಧೈರ್ಯವಾಗಿ ದರದ ಮಾತು ಆಡಬಹುದು.

ಹಾಲಿನ ಗುಣಮಟ್ಟ ಎಷ್ಟಿರಬೇಕು?

ಆರೋಗ್ಯವಂತ ಪ್ರಾಣಿಯನ್ನು ಪೂರ್ಣವಾಗಿ ಹಿಂಡಿ ಪಡೆದ, ಏನನ್ನೂ ಸೇರಿಸದ, ಏನನ್ನೂ ತೆಗೆಯದ, ಗಿಣ್ಣದ ಅಂಶವಿಲ್ಲದ ದ್ರವವೇ ಹಾಲು ಎಂದು ನಿಯಮಗಳು ಅರ್ಥ ಹೇಳುತ್ತವೆ. ಕನಿಷ್ಠ ಪ್ರಮಾಣಗಳು ಈ ಕೆಳಗಿನಂತಿವೆ:

ಆಕಳ ಹಾಲು: ಜಿಡ್ಡು ಶೇ. 3.2, ಜಿಡ್ಡೇತರ ಘನಾಂಶ ಶೇ. 8.3
ಎಮ್ಮೆಯ ಹಾಲು: ಜಿಡ್ಡು ಶೇ. 5.0, ಜಿಡ್ಡೇತರ ಘನಾಂಶ ಶೇ. 9.0
ಮಿಶ್ರ ಹಾಲು: ಜಿಡ್ಡು ಶೇ. 4.5, ಜಿಡ್ಡೇತರ ಘನಾಂಶ ಶೇ. 8.5

ಈ ಅಂಕಿಗಳ ಬಗೆಗೆ ರೈತರು ಮೂರು ಸಂಗತಿಗಳನ್ನು ಮನಗಾಣಬೇಕು.

ಮೊದಲನೆಯದು, ನೀರು. ಶೇ. 3.8 ಜಿಡ್ಡು, ಶೇ. 8.6 ಘನಾಂಶವಿರುವ 10 ಲೀಟರು ಆಕಳ ಹಾಲಿಗೆ 1 ಲೀಟರು ನೀರು ಬೆರೆಸಿದರೆ ಜಿಡ್ಡು ಸುಮಾರು ಶೇ. 3.45ಕ್ಕೆ ಇಳಿಯುತ್ತದೆ. ಅದು ಮಿತಿಯೊಳಗೇ ಇದೆ. ಆದರೆ ಘನಾಂಶ ಶೇ. 7.8ಕ್ಕೆ ಇಳಿಯುತ್ತದೆ, ಹಾಲು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಇಷ್ಟಲ್ಲದೆ, ನೀರು ಸೇರಿಸಿದ ಹಾಲಿನ ಮಾರಾಟವನ್ನೇ 2011ರ ಮಾರಾಟ ನಿರ್ಬಂಧದ ನಿಯಮಗಳು ನಿಷೇಧಿಸಿವೆ. ಅಳತೆ ಮಿತಿಯೊಳಗಿದ್ದರೂ ನೀರು ಸೇರಿಸುವುದು ತಪ್ಪೇ. ಕ್ಯಾನು ತೊಳೆದ ನೀರನ್ನು ಪೂರ್ತಿ ಬಸಿಯದೆ ಹಾಲು ಸುರಿಯುವ ಅಭ್ಯಾಸವೂ ಇದರಲ್ಲಿ ಸೇರುತ್ತದೆ.

ಎರಡನೆಯದು, ಬೆರಕೆ. ಮನೆಯ ಎಮ್ಮೆಯ 6 ಲೀಟರು (ಜಿಡ್ಡು 6.5, ಘನಾಂಶ 9.2) ಮತ್ತು ಆಕಳ 6 ಲೀಟರು (ಜಿಡ್ಡು 3.4, ಘನಾಂಶ 8.4) ಒಂದೇ ಕ್ಯಾನಿಗೆ ಸುರಿದರೆ ಜಿಡ್ಡು ಶೇ. 4.95, ಘನಾಂಶ ಶೇ. 8.8 ಆಗುತ್ತದೆ. ಇದನ್ನು ಮಿಶ್ರ ಹಾಲೆಂದು ಮಾರಿದರೆ ಯಾವ ಆಕ್ಷೇಪವೂ ಇಲ್ಲ. 'ಎಮ್ಮೆ ಹಾಲು' ಎಂದು ಮಾರಿದರೆ ಎರಡೂ ಅಂಕಿಗಳಲ್ಲಿ ತಪ್ಪಿತು. ಹಾಲು ಅದೇ, ಹೆಸರು ಮಾತ್ರ ಬೇರೆ. ಬಾಯಿಮಾತಿನಲ್ಲಿ ಹೇಳಿದ ಹೆಸರೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು, ಯಾವ ತಪ್ಪನ್ನೂ ಮಾಡದವನಿಗೂ ಬರಬಹುದಾದ ತೊಂದರೆ. ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಜಿಡ್ಡು ತೀರ ಕಡಿಮೆ, ಕೊನೆಯಲ್ಲಿ ಬರುವ ಹಾಲಿನಲ್ಲಿ ಬಹಳ ಹೆಚ್ಚು. ಅರ್ಧ ಹಿಂಡಿ ಉಳಿದುದನ್ನು ಕರುವಿಗೆ ಬಿಟ್ಟರೆ ಜಿಡ್ಡು ಕರುವಿನ ಪಾಲಾಗುತ್ತದೆ. ಕ್ಯಾನಿನ ಹಾಲು ತೆಳುವಾಗುತ್ತದೆ. ಅಧಿಕ ಹಾಲು ಕೊಡುವ ಹೋಲ್‌ಸ್ಟೀನ್ ಮಿಶ್ರತಳಿ ಆಕಳುಗಳಲ್ಲಿ ಮೊದಲೇ ಜಿಡ್ಡು ಕಡಿಮೆ. ಒಣಮೇವು ಕಡಿಮೆ ಮಾಡಿ ಹಿಂಡಿಯನ್ನೇ ಹೆಚ್ಚು ಕೊಟ್ಟರೂ ಜಿಡ್ಡು ಇಳಿಯುತ್ತದೆ. ಹೀಗಾಗಿ ಒಂದು ಹನಿ ನೀರು ಸೇರಿಸದ ರೈತನ ಹಾಲೂ ಶೇ. 3.2ಕ್ಕಿಂತ ಕೆಳಗೆ ಬರುವುದು ಸಾಧ್ಯ. ಪರಿಹಾರ ಸುಲಭ: ಕರುವಿನ ಪಾಲನ್ನು ಹಿಂಡಿದ ಮೇಲೆ ಅಳೆದು ಕುಡಿಸಬೇಕು ಅಥವಾ ಒಂದು ಮೊಲೆಯನ್ನು ಅದಕ್ಕೆಂದೇ ಬಿಡಬೇಕು, ಎಲ್ಲ ರಾಸುಗಳ ಹಾಲನ್ನು ಚೆನ್ನಾಗಿ ಬೆರೆಸಿ ನಂತರ ಅಳೆದು ಕೊಡಬೇಕು, ಮೇವಿನಲ್ಲಿ ಜೋಳದ ಕಣಿಕೆ ಅಥವಾ ಗೋವಿನಜೋಳದ ದಂಟನ್ನು ಕತ್ತರಿಸಿ ಸಾಕಷ್ಟು ಹಾಕಬೇಕು.

ಲ್ಯಾಕ್ಟೋಮೀಟರನ್ನು ಮಾತ್ರ ನಂಬುವುದು ಸರಿಯಲ್ಲ. ನೀರು ಸೇರಿಸಿದರೆ ಅದರ ಓದು ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದ ಹಾಲು ಓದಿನಲ್ಲಿ ಸರಿಯಾಗಿಯೇ ಕಾಣಬಹುದು. ಆದುದರಿಂದ ತಿಂಗಳಿಗೊಮ್ಮೆಯಾದರೂ ಸಂಘದಲ್ಲಿ ಜಿಡ್ಡಿನ ಪರೀಕ್ಷೆ ಮಾಡಿಸಿ, ಪ್ರತಿ ರಾಸಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವುದು ಲಾಭಕರ.

ಕಣ್ಣಿಗೆ ಕಾಣದ ದೋಷಗಳು

ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಹಾಲಿನ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿತು. ಪ್ರಾಣಕ್ಕೆ ಅಪಾಯ ತರುವ ಕಲಬೆರಕೆ ಕಂಡುಬಂದದ್ದು ಕೇವಲ 12 ಮಾದರಿಗಳಲ್ಲಿ. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ-1 ಎಂಬ ವಿಷವಸ್ತು ಮಿತಿಮೀರಿತ್ತು. 77 ಮಾದರಿಗಳಲ್ಲಿ ಪ್ರತಿಜೀವಕ ಔಷಧಿಯ ಶೇಷ ಮಿತಿಮೀರಿತ್ತು. ಇವೆರಡನ್ನೂ ಯಾರೂ ಬೇಕೆಂದು ಹಾಲಿಗೆ ಬೆರೆಸುವುದಿಲ್ಲ. ಕೊಟ್ಟಿಗೆಯಲ್ಲಿ ಆಗುವ ಅಲಕ್ಷ್ಯದಿಂದ ಅವು ಬರುತ್ತವೆ.

ಅಫ್ಲಾಟಾಕ್ಸಿನ್ ಬರುವುದು ಬೂಷ್ಟು ಹಿಡಿದ ಗೋವಿನಜೋಳ, ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿಗಳಿಂದ. ಗೋವಿನಜೋಳವೇ ಮುಖ್ಯ ಬೆಳೆಯಾಗಿರುವ ಹಿರೇಕೆರೂರು, ಬ್ಯಾಡಗಿ, ರಾಣೆಬೆನ್ನೂರು ಕಡೆಯ ರೈತರಿಗೆ ಇದು ಬಹು ಮುಖ್ಯವಾದ ಮಾತು. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ತೆನೆಗಳನ್ನು ಪೇಟೆಯಲ್ಲಿ ಯಾರೂ ಕೊಳ್ಳುವುದಿಲ್ಲ ಎಂದು ದನಗಳಿಗೆ ಹಾಕುವುದುಂಟು. ಆ ವಿಷ ರಾಸಿನ ದೇಹದಲ್ಲಿ ಬದಲಾಗಿ ಹಾಲಿನಲ್ಲಿ ಇಳಿಯುತ್ತದೆ. ಹಾಲನ್ನು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದರ ಮಿತಿ ಪ್ರತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಂ ಮಾತ್ರ. ಬೂಷ್ಟು ಹಿಡಿದ ಕಾಳು, ಹಿಂಡಿಗಳನ್ನು ಹಾಲು ಕೊಡುವ ರಾಸುಗಳಿಗೆ ಎಂದೂ ತಿನ್ನಿಸಬಾರದು. ಹಿಂಡಿ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು.

ಪ್ರತಿಜೀವಕದ ಶೇಷ ಬರುವುದು ಕೆಚ್ಚಲು ಬಾವಿನ ಚಿಕಿತ್ಸೆಯಿಂದ. ಚಿಕಿತ್ಸೆಯ ಅವಧಿಯಲ್ಲಿ ಮತ್ತು ಔಷಧಿಯ ಮೇಲೆ ಬರೆದಿರುವಷ್ಟು ದಿನಗಳ ತನಕ ಆ ರಾಸಿನ ನಾಲ್ಕೂ ಮೊಲೆಗಳ ಹಾಲನ್ನು ಮಾರಬಾರದು. ಪಶುವೈದ್ಯರು ಔಷಧಿ ಕೊಡುವಾಗಲೇ 'ಎಷ್ಟು ದಿನ ಹಾಲು ಬಿಡಬೇಕು?' ಎಂದು ಕೇಳಿ ಬರೆದುಕೊಳ್ಳಬೇಕು.

ಕಂದು ಹಾಕಿದ ರಾಸಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬ್ರುಸೆಲ್ಲೋಸಿಸ್ ರೋಗವು ಹಸಿ ಹಾಲಿನಿಂದ ಮನುಷ್ಯರಿಗೆ ತಗಲಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ರಾಸಿನ ರಕ್ತಪರೀಕ್ಷೆಯಾಗುವತನಕ ಅದರ ಹಾಲನ್ನು ಮಾರಬಾರದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಹಾಕಲಾಗುತ್ತದೆ. ಜೀವಮಾನಕ್ಕೊಮ್ಮೆ ಹಾಕಿಸುವ ಈ ಲಸಿಕೆಯನ್ನು ತಪ್ಪಿಸಬಾರದು.

ಹಾಲು ಒಡೆಯದಿರಲೆಂದು ಸೋಡಾ, ಫಾರ್ಮಾಲಿನ್, ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದು ಅಪರಾಧ. ಹಾಲು ಕೆಡದಂತೆ ಕಾಯುವ ಸರಿಯಾದ ದಾರಿ ಶುಚಿತ್ವ ಮತ್ತು ತಂಪು ಮಾತ್ರ. ಹಿಂಡಿದ 4 ಗಂಟೆಗಳೊಳಗೆ ಹಾಲು ಗ್ರಾಹಕನ ಮನೆ ಅಥವಾ ಸಂಘ ತಲುಪುವಂತೆ ನೋಡಿಕೊಳ್ಳಬೇಕು. ಸಂಜೆಯ ಹಾಲನ್ನು ಮರುದಿನದ ಬೆಳಗಿನ ಹಾಲಿಗೆ ಬೆರೆಸಬಾರದು.

ಪಾತ್ರೆ ಮತ್ತು ಅಳತೆ

ತುಕ್ಕು ಹಿಡಿದ, ಎನಾಮೆಲ್ ಕಿತ್ತುಹೋದ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳು ಆಹಾರಕ್ಕೆ ಯೋಗ್ಯವಲ್ಲ ಎಂದು ನಿಯಮಗಳು ಹೇಳುತ್ತವೆ. ಕೀಟನಾಶಕ ಅಥವಾ ಎಣ್ಣೆ ಬಂದ ಪ್ಲಾಸ್ಟಿಕ್ ಡಬ್ಬಿಗಳನ್ನು ಎಷ್ಟು ತೊಳೆದರೂ ಹಾಲಿಗೆ ಬಳಸಬಾರದು. ಬಾಯಿ ಅಗಲವಾದ, ಮುಚ್ಚಳ ಬಿಗಿಯಾಗಿ ಕೂಡುವ ಸ್ಟೀಲು ಕ್ಯಾನು ಉತ್ತಮ.

ಅಳತೆಯ ವಿಷಯಕ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ಅನ್ವಯಿಸುತ್ತದೆ. ಲೋಟ, ತಂಬಿಗೆ, ಸೇರಿನ ಲೆಕ್ಕದಲ್ಲಿ ಹಾಲು ಮಾರುವಂತಿಲ್ಲ. ಮುದ್ರೆಯಿರುವ ಲೀಟರಿನ ಮಾಪನವನ್ನೇ ಬಳಸಬೇಕು. ಇಂತಹ ಮಾಪನಗಳಿಗೆ 2 ವರ್ಷಕ್ಕೊಮ್ಮೆ, ವಿದ್ಯುನ್ಮಾನ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಮರುಮುದ್ರೆ ಹಾಕಿಸಬೇಕು. ಹಾಲನ್ನು ಮೊದಲೇ ಅಳೆದು ಚೀಲದಲ್ಲಿ ಕಟ್ಟಿ ಮಾರಿದರೆ ಅದು ಪೊಟ್ಟಣದ ಸರಕಾಗುತ್ತದೆ. ಆಗ ಮಾರುವವರ ಹೆಸರು, ವಿಳಾಸ, ಪರಿಮಾಣ, ಬೆಲೆ, ದಿನಾಂಕ, ನೋಂದಣಿ ಸಂಖ್ಯೆಗಳನ್ನು ಮುದ್ರಿಸಬೇಕಾಗುತ್ತದೆ. ಸಣ್ಣ ಉತ್ಪಾದಕರು ಗ್ರಾಹಕರ ಕಣ್ಣೆದುರಿನಲ್ಲೇ ಅಳೆದು ಅವರ ಪಾತ್ರೆಗೆ ಸುರಿಯುವುದು ಸರಳ.

ಮಾದರಿ ತೆಗೆದಾಗ ಏನು ಮಾಡಬೇಕು?

ಆಹಾರ ಸುರಕ್ಷತಾಧಿಕಾರಿಯು ದಾರಿಯಲ್ಲಿ ಅಥವಾ ಅಂಗಡಿಯಲ್ಲಿ ಹಾಲಿನ ಮಾದರಿ ತೆಗೆಯಬಹುದು. ಆಗ ಗಾಬರಿಯಿಂದ ಹಾಲು ಚೆಲ್ಲುವುದು, ಓಡುವುದು, ಸುಳ್ಳು ಹೆಸರು ಹೇಳುವುದು ಸಲ್ಲದು. ಮಾರುವವನಿಗೆ ಕಾಯಿದೆಯೇ ಕೊಟ್ಟಿರುವ ಹಕ್ಕುಗಳಿವೆ:

1. ಮಾದರಿ ತೆಗೆಯುವ ವಿಷಯವನ್ನು ಅಧಿಕಾರಿಯು ಲಿಖಿತವಾಗಿ ತಿಳಿಸಬೇಕು.

2. ತೆಗೆದುಕೊಂಡ ಹಾಲಿಗೆ ವಾಡಿಕೆಯ ದರದಲ್ಲಿ ಹಣ ಕೊಡಬೇಕು.

3. ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಜಿಲ್ಲೆಯ ಅಂಕಿತಾಧಿಕಾರಿಗೆ ಹೋಗುತ್ತವೆ. ಮಾರುವವನು ಕೇಳಿಕೊಂಡರೆ ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅದರ ವೆಚ್ಚ ಮಾರುವವನದು.

4. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಮಾದರಿ ಉನ್ನತ ಪ್ರಯೋಗಾಲಯಕ್ಕೆ ಹೋಗಬಹುದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಇಂತಹ ಪ್ರಯೋಗಾಲಯಗಳಲ್ಲಿ ಒಂದು.

5. ತಕ್ಕ ಕಾರಣವಿಲ್ಲದೆ ಕಿರುಕುಳ ಕೊಡುವ ಅಧಿಕಾರಿಗೂ 1 ಲಕ್ಷ ರೂಪಾಯಿಯವರೆಗೆ ದಂಡವನ್ನು 39ನೇ ಕಲಮು ವಿಧಿಸುತ್ತದೆ. ಆದರೆ ಸುಳ್ಳು ದೂರು ಕೊಟ್ಟವರಿಗೂ ದಂಡವಿದೆ.

30 ದಿನಗಳ ಗಡುವನ್ನು ವಿಶೇಷವಾಗಿ ನೆನಪಿಡಬೇಕು. ಬಂದ ನೋಟೀಸನ್ನು ಓದದೆ ಮಾಡಿನಲ್ಲಿ ಸಿಕ್ಕಿಸಿಟ್ಟು ಗಡುವು ಕಳೆದುಕೊಂಡರೆ ನಿಜವಾಗಿ ಶುದ್ಧ ಹಾಲು ಮಾರಿದವನಿಗೂ ಅದನ್ನು ತೋರಿಸಿಕೊಡುವ ಅವಕಾಶ ತಪ್ಪುತ್ತದೆ.

ದಂಡದ ಪ್ರಮಾಣ

ಕಡಿಮೆ ಗುಣಮಟ್ಟದ ಆಹಾರ ಮಾರಿದರೆ 51ನೇ ಕಲಮಿನಂತೆ 5 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಗ್ರಾಹಕ ಕೇಳಿದ ವಸ್ತುವಿನ ಗುಣ ಅಥವಾ ಸ್ವರೂಪ ಇಲ್ಲದ ವಸ್ತುವನ್ನು ಮಾರಿದರೆ 50ನೇ ಕಲಮಿನಡಿ ಸಣ್ಣ ವ್ಯಾಪಾರಿಗೆ 25,000 ರೂಪಾಯಿಗೆ ಮೀರದ ದಂಡವಿದೆ. ದಂಡವನ್ನು ನಿರ್ಧರಿಸುವಾಗ ಮಾರುವವನಿಗೆ ಆದ ಲಾಭ, ಗ್ರಾಹಕನಿಗೆ ಆದ ನಷ್ಟ, ತಪ್ಪು ಮತ್ತೆ ಮತ್ತೆ ಆಗಿದೆಯೇ, ಅರಿವಿಲ್ಲದೆ ಆದದ್ದೇ ಎಂಬುದನ್ನು ನೋಡಬೇಕೆಂದು 49ನೇ ಕಲಮು ಹೇಳುತ್ತದೆ. ಇಲ್ಲಿಯೇ ರೈತನು ಇಟ್ಟ ಲೆಕ್ಕದ ಪುಸ್ತಕ, ಜಿಡ್ಡಿನ ಅಂಕಿಗಳು, ಪಶುವೈದ್ಯರ ಚೀಟಿಗಳು ಸಹಾಯಕ್ಕೆ ಬರುತ್ತವೆ. ಪ್ರಾಣಕ್ಕೆ ಅಪಾಯ ತರುವ ಆಹಾರ ಮಾರಿ ಸಾವು ಸಂಭವಿಸಿದರೆ ಮಾತ್ರ 7 ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೂ ಶಿಕ್ಷೆಯಿದೆ.

ಸಂಘವೋ, ನೇರ ಮಾರಾಟವೋ?

ಹಾವೇರಿ ಜಿಲ್ಲೆಯ ಸಂಘಗಳು ಬಹುಕಾಲ ಧಾರವಾಡ ಹಾಲು ಒಕ್ಕೂಟದಲ್ಲಿದ್ದವು; ಈಗ ಜಿಲ್ಲೆಗೆ ತನ್ನದೇ ಒಕ್ಕೂಟವಿದೆ. ವರ್ತನೆಯ ಮನೆಗಳು ಸಂಘಕ್ಕಿಂತ ಹೆಚ್ಚು ದರ ಕೊಡುವುದು ನಿಜ. ಆದರೆ ದರವೊಂದನ್ನೇ ನೋಡಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ರಾಜ್ಯ ಸರಕಾರದ ಪ್ರೋತ್ಸಾಹಧನವು 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ 5 ರೂಪಾಯಿಗೆ ಏರಿತು. ಅದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ಸಿಗುತ್ತದೆ. ಶಾಲೆಗಳಿಗೆ ರಜೆ ಬಂದು ಖಾನಾವಳಿಯ ಗಿರಾಕಿ ಕಡಿಮೆಯಾದಾಗಲೂ ಸಂಘದ ಬಾಗಿಲು ತೆರೆದಿರುತ್ತದೆ. ಸಂಘದ ಉಪವಿಧಿಗಳಲ್ಲಿ ಸದಸ್ಯ ವರ್ಷದಲ್ಲಿ ಇಂತಿಷ್ಟು ದಿನ ಹಾಲು ಹಾಕಬೇಕೆಂಬ ನಿಬಂಧನೆ ಇರುತ್ತದೆ; ತಪ್ಪಿದರೆ ಮತದಾನದ ಹಕ್ಕಿಗೆ ಕುಂದು ಬರಬಹುದು. ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಓಡಾಟದ ಖರ್ಚು ಮತ್ತು ಉದ್ರಿ ಬಾಕಿಯನ್ನು ಕಳೆದು ನೋಡಿದ ಮೇಲೆ ತೀರ್ಮಾನಿಸುವುದು ಲೇಸು.

ಪೂರ್ತಿ ಹಾಲು ಸಂಘಕ್ಕೆ ಹಾಕುವವರು ಹಾಗೆಯೇ ಮುಂದುವರಿಯಬಹುದು. ಒಂದು ಲೀಟರನ್ನಾದರೂ ಹೊರಗೆ ಮಾರುವವರು ನೋಂದಣಿ ಮಾಡಿಸಿ, ಹಾಲನ್ನು ಅದರ ನಿಜವಾದ ಹೆಸರಿನಿಂದ, ಮುದ್ರೆಯ ಅಳತೆಯಲ್ಲಿ ಮಾರಬೇಕು. ಗ್ರಾಹಕರಿಗೆ 'ಕಾಯಿಸಿಯೇ ಕುಡಿಯಿರಿ' ಎಂದು ಹೇಳುವುದರಿಂದ ವ್ಯಾಪಾರಕ್ಕೆ ನಷ್ಟವಿಲ್ಲ. ಹಾಲು ಸಂಘಗಳ ಕಾರ್ಯದರ್ಶಿಗಳು ಮತ್ತು ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ವಿಷಯವನ್ನು ತಿಳಿಸಿ, ನಮೂನೆ ತುಂಬಲು ನೆರವಾದರೆ ಬಹಳ ಉಪಕಾರವಾಗುತ್ತದೆ. ಮೇವು, ಹಾಲಿನ ಗುಣಮಟ್ಟಗಳ ಬಗೆಗೆ ಹೆಚ್ಚಿನ ತಿಳುವಳಿಕೆ ಬೇಕಾದ ರೈತ ಬಾಂಧವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ಪಶು ಆಸ್ಪತ್ರೆಯನ್ನು, ನೋಂದಣಿಯ ಬಗೆಗೆ ತಾಲೂಕಿನ ಆಹಾರ ಸುರಕ್ಷತಾಧಿಕಾರಿಗಳನ್ನು ಸಂಪರ್ಕಿಸಬಹುದು.